ಅಧಿಕಾರದ ಪಾಲು, ಹೊಣೆಯ ಪಾಲು

ಕೆಲವು ದಿನಗಳ ಹಿಂದೆ ಕಾರ್ಯನಿಮಿತ್ತವಾಗಿ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ ಹೋಗಿದ್ದೆ. ಸೂಳೆಕೆರೆಯ ನೆರೆಯಲ್ಲಿರುವ ಊರು ಅದು. ಸಂಜೆ ಕೆರೆಯ ಏರಿಯ ಮೇಲೆ ಅಡ್ಡಾಡುತ್ತಿದ್ದಾಗ ಜೊತೆಗಿದ್ದ ಚರಿತ್ರೆಯ ಉಪಾಧ್ಯಾಯರೊಬ್ಬರು ತಮ್ಮ ತರಗತಿಯಲ್ಲಿ ನಡೆದ ಪ್ರಸಂಗವೊಂದನ್ನು ಹೇಳಿದರು. ಅಂದು ಅವರು ೧೯೧೭ರ ರಷ್ಯದ ಕ್ರಾಂತಿಯನ್ನು ಪಾಠ ಮಾಡುತ್ತಿದ್ದರು. ಜಾರ್ ಚಕ್ರವರ್ತಿ ಸಿಂಹಾಸನ ಬಿಟ್ಟ ಮೇಲೆ ಒಂದೇ ರಾಜಧಾನಿಯಲ್ಲಿ ಹಂಗಾಮಿ ಸರ್ಕಾರವೂ ಸೋವಿಯತ್ತೂ ಅಕ್ಕಪಕ್ಕದಲ್ಲಿ ನಡೆದವು, ಇದನ್ನೇ ಚರಿತ್ರಕಾರರು ದ್ವಿಮುಖ ಪ್ರಭುತ್ವವೆಂದು ಕರೆಯುತ್ತಾರೆ ಎಂದು ಅವರು ಹೇಳುತ್ತಿದ್ದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಒಂದು ಮನೆಗೆ ಇಬ್ಬರು ಯಜಮಾನರಾದರೆ ಸಾಲ ಕೊಟ್ಟವನು ಯಾರನ್ನು ಕೇಳಬೇಕು?" ಎಂದನಂತೆ.

"ಪರೀಕ್ಷೆಗೆ ಬರೆಯಬೇಕಾದ ಉತ್ತರವನ್ನು ಹೇಳಿ ಅವನನ್ನು ಕೂರಿಸಿದೆ. ಅವನು ಕೇಳಿದ್ದಕ್ಕೆ ಅದು ಉತ್ತರವಲ್ಲವೆಂಬುದು ನನಗೇ ಗೊತ್ತಿತ್ತು" ಎಂದರು ಉಪಾಧ್ಯಾಯರು.

ಆ ಹುಡುಗನ ಪ್ರಶ್ನೆಯು ಊರಿಗೆ ಹಿಂದಿರುಗಿದ ಮೇಲೂ ನನ್ನನ್ನು ಬಿಡಲಿಲ್ಲ. ರಾಜ್ಯಶಾಸ್ತ್ರದ ದೊಡ್ಡ ಗ್ರಂಥಗಳು ಅಧಿಕಾರವು ಯಾರ ಕೈಯಲ್ಲಿತ್ತು ಎಂದು ಕೇಳುತ್ತವೆ. ಈ ಹುಡುಗ ಕೇಳಿದ್ದು, ಬಾಗಿಲಿಗೆ ಬಂದವನಿಗೆ ಉತ್ತರ ಹೇಳುವವರು ಯಾರು ಎಂದು. ಎರಡೂ ಒಂದೇ ಪ್ರಶ್ನೆಯಂತೆ ತೋರಿದರೂ ಒಂದೇ ಅಲ್ಲ. ಇವೆರಡರ ನಡುವಣ ಅಂತರದಲ್ಲಿಯೇ ಎಷ್ಟೋ ಪ್ರಭುತ್ವಗಳು ಬಿದ್ದುಹೋಗಿವೆ. ಈ ವಾರ ವಾಚಕರೊಡನೆ ಈ ವಿಚಾರವನ್ನು ಹಂಚಿಕೊಳ್ಳಬೇಕೆಂದು ನನ್ನ ಅಪೇಕ್ಷೆ.

ಮೊದಲು ರಷ್ಯದ ಸಂಗತಿ. ೧೯೧೭ರ ಮಾರ್ಚ್ ೮ರಂದು, ಅಂದಿನ ರಷ್ಯದ ಪಂಚಾಂಗದಂತೆ ಫೆಬ್ರವರಿ ೨೩ರಂದು, ಪೆಟ್ರೋಗ್ರಾಡ್ ನಗರದ ಹೆಣ್ಣುಮಕ್ಕಳು ರೊಟ್ಟಿಗಾಗಿ ಬೀದಿಗಿಳಿದರು. ನಾಲ್ಕು ದಿನಗಳಲ್ಲಿ ದಂಡಿನವರೂ ಅವರೊಡನೆ ಸೇರಿದರು. ಮಾರ್ಚ್ ೧೨ರಂದು ಟೌರೈಡ್ ಎಂಬ ಅರಮನೆಯ ಒಂದು ಪಾರ್ಶ್ವದಲ್ಲಿ ಡ್ಯೂಮಾ ಸಭೆಯ ಸದಸ್ಯರು ಸೇರಿ ಒಂದು ಸಮಿತಿಯನ್ನು ರಚಿಸಿಕೊಂಡರು; ಅದೇ ಅರಮನೆಯ ಇನ್ನೊಂದು ಪಾರ್ಶ್ವದಲ್ಲಿ ಕಾರ್ಮಿಕರ ಮತ್ತು ಸೈನಿಕರ ಪ್ರತಿನಿಧಿಗಳು ಸೇರಿ ಸೋವಿಯತ್ತನ್ನು ಕಟ್ಟಿಕೊಂಡರು. ಮೂರು ದಿನಗಳ ತರುವಾಯ ಡ್ಯೂಮಾ ಸಮಿತಿಯಿಂದ ರಾಜಕುಮಾರ ಲ್ವೋಫನ ಹಂಗಾಮಿ ಸರ್ಕಾರ ಹುಟ್ಟಿತು. ಚಕ್ರವರ್ತಿ ಎರಡನೆಯ ನಿಕೋಲಸ್ ಅಂದೇ ಪಟ್ಟವನ್ನು ತ್ಯಜಿಸಿದನು.

ಹೀಗೆ ಒಂದೇ ಮಾಡಿನ ಕೆಳಗೆ ಎರಡು ಪ್ರಭುತ್ವಗಳು ತಲೆಯೆತ್ತಿದವು. ಸರ್ಕಾರಕ್ಕೆ ಮಂತ್ರಿಗಳಿದ್ದರು, ಮೊಹರಿತ್ತು, ಪರದೇಶಗಳ ಮನ್ನಣೆಯಿತ್ತು; ಮಾತು ನಡೆಸುವ ಬಲ ಮಾತ್ರ ಇರಲಿಲ್ಲ. ಸೋವಿಯತ್ತಿಗೆ ದಂಡಿನ ನಿಷ್ಠೆಯಿತ್ತು, ರೈಲ್ವೆ ಅಂಚೆ ತಂತಿಗಳ ನೌಕರರು ಅದರ ಮಾತನ್ನು ಕೇಳುತ್ತಿದ್ದರು. ಆದರೆ ರಾಜ್ಯಭಾರದ ಹೊಣೆ ತನ್ನದಲ್ಲವೆಂದು ಅದು ದೂರ ನಿಂತಿತ್ತು. ಮಾರ್ಚ್ ೧೪ರಂದು ಸೋವಿಯತ್ತು ಹೊರಡಿಸಿದ ಮೊದಲನೆಯ ಆಜ್ಞೆಯಲ್ಲಿ, ಡ್ಯೂಮಾದ ಸೈನಿಕ ಸಮಿತಿಯ ಅಪ್ಪಣೆಗಳನ್ನು ತನ್ನ ನಿರ್ಣಯಗಳಿಗೆ ವಿರೋಧವಾಗದಷ್ಟು ಮಟ್ಟಿಗೆ ಮಾತ್ರ ಪಾಲಿಸತಕ್ಕದ್ದೆಂದು ಸೈನಿಕರಿಗೆ ತಿಳಿಸಲಾಗಿತ್ತು. ಯುದ್ಧಮಂತ್ರಿಯಾಗಿದ್ದ ಗುಚ್‌ಕೋಫನು ಅದೇ ತಿಂಗಳಲ್ಲಿ ಸೇನಾಪತಿಗೆ ಪತ್ರ ಬರೆದು, ಸೋವಿಯತ್ತು ಬಿಟ್ಟಷ್ಟು ಕಾಲ ಮಾತ್ರ ಸರ್ಕಾರವಿದೆಯೆಂದು ತೋಡಿಕೊಂಡನು. ಕೆರೆನ್‌ಸ್ಕಿಯೊಬ್ಬನು ಮಾತ್ರ ಎರಡು ಕಡೆಯೂ ಸ್ಥಾನ ಪಡೆದು, ಅತ್ತ ಮಂತ್ರಿಯೂ ಇತ್ತ ಸೋವಿಯತ್ತಿನ ಉಪಾಧ್ಯಕ್ಷನೂ ಆಗಿ ಓಡಾಡುತ್ತಿದ್ದನು.

ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಯುದ್ಧವನ್ನು ಮುಂದುವರಿಸುವೆವೆಂಬ ವಿದೇಶಾಂಗ ಮಂತ್ರಿ ಮಿಲ್ಯುಕೋಫನ ಪತ್ರದಿಂದ ಗಲಭೆಯೆದ್ದು, ಅವನೂ ಗುಚ್‌ಕೋಫನೂ ಸ್ಥಾನ ಬಿಟ್ಟರು. ಮೇ ೧೮ರಂದು ಸಮಾಜವಾದಿಗಳನ್ನು ಸೇರಿಸಿಕೊಂಡು ಮೊದಲನೆಯ ಸಮ್ಮಿಶ್ರ ಮಂತ್ರಿಮಂಡಲವಾಯಿತು. ಜುಲೈಯಲ್ಲಿ ರಾಜಧಾನಿಯ ಬೀದಿಗಳಲ್ಲಿ ರಕ್ತಪಾತವಾಗಿ, ಲ್ವೋಫನು ಹೋಗಿ ಕೆರೆನ್‌ಸ್ಕಿ ಪ್ರಧಾನಿಯಾದನು. ಆಗಸ್ಟಿನಲ್ಲಿ ಎರಡನೆಯ ಸಮ್ಮಿಶ್ರ ಮಂತ್ರಿಮಂಡಲ. ಸೆಪ್ಟೆಂಬರಿನಲ್ಲಿ ಸೇನಾಪತಿ ಕಾರ್ನಿಲೋಫನ ದಂಡಯಾತ್ರೆ. ಅಕ್ಟೋಬರಿನಲ್ಲಿ ಮೂರನೆಯ ಸಮ್ಮಿಶ್ರ ಮಂತ್ರಿಮಂಡಲ. ಎಂಟು ತಿಂಗಳಲ್ಲಿ ನಾಲ್ಕು ಮಂತ್ರಿಮಂಡಲಗಳು! ಈ ಎಂಟು ತಿಂಗಳೂ ರೈತನು ಕೇಳುತ್ತಿದ್ದುದು ಒಂದೇ: ಭೂಮಿ ಯಾರದು? ಅದಕ್ಕೆ ಸರ್ಕಾರವು, ಸಂವಿಧಾನ ರಚನಾ ಸಭೆ ಸೇರಲಿ ಎಂದಿತು. ಆ ಸಭೆಯ ಚುನಾವಣೆಯನ್ನೇ ಮುಂದಕ್ಕೆ ಹಾಕಿತು. ಸೋವಿಯತ್ತಿನ ಮುಂದಾಳುಗಳೋ, ಸರ್ಕಾರವನ್ನು ಕೇಳಿರಿ ಎಂದರು. ಜುಲೈ ಗಲಭೆಯಲ್ಲಿ ರೊಚ್ಚಿಗೆದ್ದ ಜನಸಮೂಹವು ಮಂತ್ರಿ ಚೆರ್ನೋಫನನ್ನು ಸುತ್ತುಗಟ್ಟಿ, ಕೈಗೆ ಕೊಟ್ಟ ಅಧಿಕಾರವನ್ನು ಏಕೆ ತೆಗೆದುಕೊಳ್ಳುವುದಿಲ್ಲವೆಂದು ಗದರಿಸಿತೆಂದು ಚರಿತ್ರೆಯಲ್ಲಿದೆ. ಅಧಿಕಾರ ಬೇಡವೆಂದವರನ್ನು ಜನ ಗದರಿಸಬೇಕಾಗಿ ಬಂದ ಪ್ರಸಂಗ ಬಹಳ ಅಪರೂಪವೆಂದೇ ಹೇಳಬೇಕು.

ಕಡೆಗೆ ಹೊಣೆಯನ್ನೂ ಅಧಿಕಾರವನ್ನೂ ಒಟ್ಟಿಗೆ ಕೈಗೆ ತೆಗೆದುಕೊಳ್ಳುವ ಎದೆಗಾರಿಕೆ ತೋರಿದವನು ಲೆನಿನ್. ನವೆಂಬರ್ ೭ರಂದು ಬೋಲ್ಷೆವಿಕ್ ಪಕ್ಷವು ರಾಜಧಾನಿಯನ್ನು ವಶಪಡಿಸಿಕೊಂಡಿತು. ಆದರೆ ಅದೇ ತಿಂಗಳು ಆರಂಭವಾದ ಚುನಾವಣೆಯಲ್ಲಿ ಅದಕ್ಕೆ ಬಂದ ಮತಗಳು ಸುಮಾರು ಕಾಲುಭಾಗ ಮಾತ್ರ. ೧೯೧೮ರ ಜನವರಿ ೧೮ರಂದು ಸೇರಿದ ಸಂವಿಧಾನ ರಚನಾ ಸಭೆಯು ಮರುದಿನವೇ ಮುಚ್ಚಿಹೋಯಿತು. ಡಿಸೆಂಬರಿನಲ್ಲಿ ಅಧಿಕಾರದಲ್ಲಿ ಪಾಲು ಪಡೆದಿದ್ದ ಎಡಪಂಥದ ಸಮಾಜವಾದಿ ಕ್ರಾಂತಿಕಾರಿಗಳು ಜರ್ಮನಿಯೊಡನೆ ಆದ ಒಪ್ಪಂದವನ್ನು ಪ್ರತಿಭಟಿಸಿ ಮಾರ್ಚಿನಲ್ಲಿ ಹೊರಬಂದರು. ಜುಲೈಯಲ್ಲಿ ದಂಗೆಯೆದ್ದು ಅಡಗಿದರು. ಅಲ್ಲಿಂದ ಮುಂದೆ ಪಾಲುಗಾರರೇ ಉಳಿಯಲಿಲ್ಲ. ಇಬ್ಬರು ಯಜಮಾನರ ಮನೆಯು ಒಬ್ಬನೇ ಯಜಮಾನನ ಮನೆಯಾಯಿತು. ಅವನನ್ನು ಕೇಳುವವರೂ ಇಲ್ಲವಾದರು.

ಸೋವಿಯತ್ ಎಂಬ ಶಬ್ದ ಕೇಳಿದೊಡನೆ ನಮಗೆ ಕೆಂಪು ಬಾವುಟವೂ ದೊಡ್ಡ ಸಾಮ್ರಾಜ್ಯವೂ ನೆನಪಿಗೆ ಬರುತ್ತವೆ. ಆದರೆ ರಷ್ಯನ್ ಭಾಷೆಯಲ್ಲಿ ಅದಕ್ಕೆ ಆಲೋಚನೆ, ಆಲೋಚನಾಸಭೆ ಎಂದಷ್ಟೇ ಅರ್ಥ. ಅದನ್ನು ಕನ್ನಡಿಸಬೇಕಾಗಿ ಬಂದರೆ ಯಾವ ಮಾತನ್ನು ಬಳಸಬಹುದೆಂದು ಯೋಚಿಸುತ್ತಿದ್ದಾಗ, ನಾನು ಅಂದು ನಿಂತಿದ್ದ ಸೀಮೆಯೇ ಆ ಮಾತನ್ನು ಒದಗಿಸಿಕೊಟ್ಟಿತು. ಆ ಮಾತು ಕೂಟ. ಸೋವಿಯತ್ತಿಗಿಂತ ಎಂಬತ್ತೇಳು ವರ್ಷ ಮೊದಲು ಇದೇ ನಾಡಿನ ರೈತರು ಕೂಟ ಕಟ್ಟಿದ್ದರು. ಒಂದು ಪ್ರಭುತ್ವಕ್ಕೆ ಎದುರಾಗಿ ಇನ್ನೊಂದು ಪ್ರಭುತ್ವವಾಗಿ ನಿಂತಿದ್ದರು. ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚೆಂದರೆ ಒಂದೆರಡು ಸಾಲುಗಳಲ್ಲಿ ಮುಗಿಯುತ್ತದೆ.

ಚರಿತ್ರೆಯಲ್ಲಿ ಅದಕ್ಕೆ ನಗರದ ದಂಗೆಯೆಂದು ಹೆಸರು. ನಗರವೆಂದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಹೈದರನು ೧೭೬೩ರಲ್ಲಿ ಅದನ್ನು ಗೆದ್ದುಕೊಂಡನು. ಮೈಸೂರಿನ ಕೈಕೆಳಗೆ ಅದು ಒಂದು ಫೌಜುದಾರಿಯಾಗಿತ್ತು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ದಿವಾನ್ ಪೂರ್ಣಯ್ಯನವರು ೧೮೧೧ರವರೆಗೆ ರಾಜ್ಯಭಾರ ನಡೆಸಿದರು. ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಪಟ್ಟ ಕೊಟ್ಟ ಒಪ್ಪಂದವೇ ಅಧಿಕಾರವನ್ನೂ ಸೀಳಿತ್ತು. ರಾಜ್ಯ ಒಡೆಯರದು, ದಂಡು ಕಂಪನಿಯದು. ಆ ದಂಡಿನ ವೆಚ್ಚಕ್ಕಾಗಿ ವರ್ಷಕ್ಕೆ ಏಳು ಲಕ್ಷ ಪಗೋಡಗಳನ್ನು ಒಡೆಯರು ಕೊಡತಕ್ಕದ್ದು. ಆಡಳಿತ ಕೆಟ್ಟಿತೆಂದು ಕಂಪನಿಗೆ ತೋರಿದರೆ ರಾಜ್ಯವನ್ನು ತಾನೇ ವಹಿಸಿಕೊಳ್ಳಬಹುದೆಂಬ ಷರತ್ತೂ ಅದರಲ್ಲಿತ್ತು. ಕೆಟ್ಟ ಹೆಸರು ಒಬ್ಬರಿಗೆ, ಕತ್ತಿ ಇನ್ನೊಬ್ಬರಿಗೆ! ಮದರಾಸಿನ ಗವರ್ನರಾಗಿದ್ದ ಮನ್ರೋ ೧೮೨೫ರಲ್ಲಿ ಮೈಸೂರಿಗೆ ಬಂದು ಆ ಷರತ್ತನ್ನು ಒಡೆಯರಿಗೆ ನೆನಪು ಮಾಡಿ ಹೋದನು.

ಹಣದ ಒತ್ತಡವು ಅರಮನೆಯಿಂದ ಫೌಜುದಾರನಿಗೂ, ಅವನಿಂದ ಅಮಲ್ದಾರನಿಗೂ, ಅಮಲ್ದಾರನಿಂದ ರೈತನಿಗೂ ಇಳಿಯಿತು. ಇಂತಿಷ್ಟು ಕಂದಾಯವನ್ನು ಎತ್ತಿಕೊಡುವೆನೆಂದು ಅಮಲ್ದಾರನಿಂದ ಮುಚ್ಚಳಿಕೆ ಬರೆಸಿಕೊಳ್ಳುವ 'ಷರತ್ತು' ಪದ್ಧತಿ ಜಾರಿಯಲ್ಲಿತ್ತು. ಮಳೆ ಬರಲಿ ಬಾರದಿರಲಿ, ಪೈರು ಆಗಲಿ ಆಗದಿರಲಿ, ಬರೆದುಕೊಟ್ಟ ಮೊತ್ತ ಮಾತ್ರ ಸಲ್ಲಬೇಕು. ನಗರ ಫೌಜುದಾರಿಯಲ್ಲಿ ಅಧಿಕಾರಿಗಳ ಕಡೆಯವರೂ ಬಂಧುಗಳೂ ಬೇರೂರಿ, ದೂರು ಕೊಡುವುದಕ್ಕೂ ಜಾಗವಿಲ್ಲದಂತಾಗಿತ್ತು. ಯಾರ ಮೇಲೆ ದೂರೋ ಅವರ ನೆಂಟರ ಮುಂದೆಯೇ ಅರ್ಜಿ ಹಿಡಿದು ನಿಲ್ಲಬೇಕಾದ ರೈತನ ಪಾಡನ್ನು ವಾಚಕರು ಊಹಿಸಿಕೊಳ್ಳಬಹುದು.

೧೮೩೦ರ ಆಗಸ್ಟಿನಲ್ಲಿ, ಇದೇ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿದರು. ಊರೂರಿಗೆ ಓಲೆಗಳು ಹೋದವು. ಹೊನ್ನಾಳಿ, ಶಿಕಾರಿಪುರ, ಆನಂದಪುರದ ಸೀಮೆಗಳಲ್ಲೆಲ್ಲ ಕೂಟಗಳೆದ್ದವು. ಪಟೇಲರೂ ಸಾಮಾನ್ಯ ರೈತರೂ ಒಟ್ಟಾಗಿ ಕುಳಿತು, ತಮ್ಮ ಕಷ್ಟಗಳನ್ನು ವಿಚಾರಿಸುವವರೆಗೆ ಕಂದಾಯ ಕೊಡುವುದಿಲ್ಲವೆಂದರು. ಮೊದಮೊದಲು ಇದು ರಾಜದ್ರೋಹವಾಗಿರಲಿಲ್ಲ. ಒಡೆಯರು ತಮ್ಮ ಮಾತನ್ನು ಕೇಳಬೇಕೆಂಬ ಹಟವಾಗಿತ್ತು. ಆಂಗ್ಲ ಅಧಿಕಾರಿಗಳು ಕೂಡ ಈ ಸಭೆಗಳನ್ನು ಕುರಿತು ಬರೆಯುವಾಗ ಕನ್ನಡದ ಕೂಟವೆಂಬ ಮಾತನ್ನೇ ಉಳಿಸಿಕೊಂಡರು. ತಮ್ಮ ಭಾಷೆಯ ಯಾವ ಮಾತೂ ಅದಕ್ಕೆ ಸಾಲದೆಂದು ಅವರಿಗೆ ತೋರಿರಬೇಕು.

ಇಷ್ಟಾಗುವಷ್ಟರಲ್ಲಿ ಆ ಸೀಮೆಯಲ್ಲಿ ಎರಡು ಪ್ರಭುತ್ವಗಳಾಗಿದ್ದವು. ಕಚೇರಿ ಅಮಲ್ದಾರನದು, ಊರು ಕೂಟದ್ದು. ಅಮಲ್ದಾರನ ಅಪ್ಪಣೆ ಕಚೇರಿಯ ಹೊಸಲು ದಾಟುತ್ತಿರಲಿಲ್ಲ. ಸರ್ಕಾರದ ಕಡೆಯವರು ಒಮ್ಮೆ ಸಮಾಧಾನದ ಮಾತನಾಡಿ, ಇನ್ನೊಮ್ಮೆ ದಂಡು ತೋರಿಸಿ, ಎರಡರಲ್ಲಿಯೂ ನಂಬಿಕೆ ಕಳೆದುಕೊಂಡರು. ಕೂಟದವರಾದರೂ ಕಂದಾಯ ನಿಲ್ಲಿಸಿದರೇ ಹೊರತು, ನಿಂತ ಕಂದಾಯದ ಸ್ಥಾನದಲ್ಲಿ ಏನು ಬರಬೇಕು, ನ್ಯಾಯ ಹೇಳುವವರು ಯಾರು, ದಾರಿಹೋಕರನ್ನು ಕಾಯುವವರು ಯಾರು ಎಂಬುದನ್ನು ತಾವೇ ಕುಳಿತು ಗೊತ್ತುಮಾಡಿಕೊಳ್ಳಲಿಲ್ಲ. ಬರಿದಾಗಿದ್ದ ಆ ಪೀಠಕ್ಕೆ ಬೂದಿ ಬಸವಪ್ಪನೆಂಬವನು ಬಂದನು. ತಾನು ಕೆಳದಿ ನಾಯಕರ ವಾರಸುದಾರನೆಂದನು. ಹಿಂದಿನ ಬಾಕಿಯೆಲ್ಲ ಮಾಫಿಯೆಂದೂ ಕಂದಾಯವನ್ನು ಬಹುವಾಗಿ ಇಳಿಸುವೆನೆಂದೂ ಮಾತು ಕೊಟ್ಟನು. ತರೀಕೆರೆಯ ಪಾಳೆಯಗಾರ ಮನೆತನದವರೂ ಈ ಸಂದರ್ಭದಲ್ಲಿ ಕತ್ತಿ ಹಿರಿದರು. ರೈತನ ದೂರು ಹಿಂದಕ್ಕೆ ಸರಿಯಿತು. ಪಟ್ಟದ ಹಕ್ಕು ಮುಂದಕ್ಕೆ ಬಂದಿತು.

ತರುವಾಯ ಕಂಪನಿಯ ದಂಡು ಬಂದಿತು. ಕಮಲದುರ್ಗದಲ್ಲಿ ಅದಕ್ಕೆ ಹಿನ್ನಡೆಯಾದರೂ ೧೮೩೧ರ ಜೂನಿನಲ್ಲಿ ನಗರ ಅದರ ವಶವಾಯಿತು. ಅದಕ್ಕೂ ಮೊದಲು ಹೊನ್ನಾಳಿಯಲ್ಲಿ ಸೆರೆಸಿಕ್ಕವರು ಅನೇಕರು ನೇಣಿಗೇರಿದರು. ಗವರ್ನರ್ ಜನರಲ್ ಬೆಂಟಿಂಕನು ಅದೇ ವರ್ಷದ ಸೆಪ್ಟೆಂಬರ್ ೭ರ ಪತ್ರದಲ್ಲಿ ಹಳೆಯ ಒಪ್ಪಂದದ ಷರತ್ತನ್ನು ಎತ್ತಿಹಿಡಿದು, ರಾಜ್ಯವನ್ನು ಕಂಪನಿಯೇ ವಹಿಸಿಕೊಳ್ಳುವುದೆಂದು ತಿಳಿಸಿದನು. ಅಕ್ಟೋಬರಿನಲ್ಲಿ ಆಡಳಿತ ಕೈಬದಲಾಯಿತು. ಒಡೆಯರು ಅನ್ಯಾಯ ಸರಿಪಡಿಸಲಿಲ್ಲ, ಕೂಟದವರು ನ್ಯಾಯ ಕಟ್ಟಲಿಲ್ಲ. ಮೂರನೆಯವನು ಇಬ್ಬರ ಮನೆಯನ್ನೂ ಜಪ್ತಿ ಮಾಡಿಕೊಂಡನು. ಬೆಂಟಿಂಕನೇ ಮುಂದೆ ತನ್ನ ಕ್ರಮದ ನ್ಯಾಯವನ್ನು ಕುರಿತು ಸಂದೇಹಗೊಂಡು, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ೧೮೩೪ರಲ್ಲಿ ಸೂಚಿಸಿದನು. ಅದು ನಡೆಯಲಿಲ್ಲ. ೧೮೬೮ರಲ್ಲಿ ಕಾಲವಾದ ಮುಮ್ಮಡಿಯವರು ರಾಜ್ಯವನ್ನು ಮತ್ತೆ ಕಾಣಲಿಲ್ಲ. ಅದು ಒಡೆಯರ ಮನೆತನಕ್ಕೆ ಹಿಂದಿರುಗಿದ್ದು ೧೮೮೧ರ ಮಾರ್ಚ್ ೨೫ರಂದು, ಸರಿಸುಮಾರು ಐವತ್ತು ವರ್ಷಗಳ ಮೇಲೆ.

ಈ ಕತೆಗೆ ವಿಚಿತ್ರವಾದ ಒಂದು ಬಾಲವಿದೆ. ಎರಡು ಅಧಿಕಾರಗಳ ತಿಕ್ಕಾಟದಿಂದ ರಾಜ್ಯ ಕೆಟ್ಟಿತೆಂದು ಹೇಳಿ ಬಂದ ಕಂಪನಿಯು ಆಡಳಿತಕ್ಕೆ ನೇಮಿಸಿದ್ದು ಒಬ್ಬನನ್ನಲ್ಲ, ಇಬ್ಬರು ಕಮಿಷನರುಗಳನ್ನು! ಹಿರಿಯನಾದ ಕರ್ನಲ್ ಬ್ರಿಗ್ಸ್ ಗವರ್ನರ್ ಜನರಲನ ಕಡೆಯವನು. ಕಿರಿಯನಾದ ಲಷಿಂಗ್ಟನ್ ಮದರಾಸಿನ ಕಡೆಯವನು, ಅಲ್ಲಿಯ ಗವರ್ನರನ ತಮ್ಮ. ಇಬ್ಬರಿಗೂ ಹೊಂದಲಿಲ್ಲ. ಒಬ್ಬರ ದೂರು ಕಲ್ಕತ್ತೆಗೆ, ಇನ್ನೊಬ್ಬರ ದೂರು ಮದರಾಸಿಗೆ. ಮೂರು ವರ್ಷ ತುಂಬುವ ಮೊದಲೇ, ೧೮೩೪ರಲ್ಲಿ, ಈ ಏರ್ಪಾಡನ್ನು ಕೈಬಿಟ್ಟು ಒಬ್ಬನೇ ಕಮಿಷನರನನ್ನು ಇಡಬೇಕಾಯಿತು. ಆ ವರ್ಷ ಬಂದ ಮಾರ್ಕ್ ಕಬ್ಬನ್ ೧೮೬೧ರವರೆಗೆ ಏಕಾಕಿಯಾಗಿ ಆಳಿದನು. ಒಳ್ಳೆಯ ಆಡಳಿತಗಾರನೆಂದು ಅವನಿಗೆ ಹೆಸರಿದೆ. ಆದರೆ ಅವನನ್ನು ಪ್ರಶ್ನಿಸುವ ಹಕ್ಕು ಬಸವಾಪಟ್ಟಣದ ರೈತನಿಗೆ ಇರಲಿಲ್ಲ. ಜಗಳ ನಿಂತಿತು ನಿಜ. ಅದರೊಡನೆ ಮಾತೂ ನಿಂತಿತು.

ಪೆಟ್ರೋಗ್ರಾಡಿಗೂ ಬಸವಾಪಟ್ಟಣಕ್ಕೂ ಸಂಬಂಧ ಕಲ್ಪಿಸುವುದು ಅತಿಯಾಯಿತೆಂದು ಯಾರಾದರೂ ಆಕ್ಷೇಪಿಸಿಯಾರು. ಆಕ್ಷೇಪಣೆಯಲ್ಲಿ ಹುರುಳಿದೆ. ಕೂಟದ ರೈತರು ಸಮಾಜವಾದಿಗಳಾಗಿರಲಿಲ್ಲ. ಹೊಸ ಸಮಾಜದ ನಕ್ಷೆಯೂ ಅವರಲ್ಲಿರಲಿಲ್ಲ. ರಷ್ಯದಲ್ಲಿ ಕಾರ್ಖಾನೆ ಮತ್ತು ದಳಗಳಿಂದ ಆಯ್ಕೆಯಾದ ಪ್ರತಿನಿಧಿಗಳಿದ್ದರು. ನಮ್ಮಲ್ಲಿ ಊರಿನ ಪಟೇಲರೇ ಮುಂದಾಳುಗಳು. ಅಲ್ಲಿ ರಾಜಧಾನಿಯೇ ಕದಲಿತು. ಇಲ್ಲಿ ರಾಜ್ಯದ ಅಂಚಿನ ಸೀಮೆ ಮಾತ್ರ. ಇವನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಸಾಮ್ಯ ಉಳಿಯುತ್ತದೆ. ಎರಡು ಕಡೆಯೂ ಒಂದು ಪಕ್ಷಕ್ಕೆ ಬಲವಿಲ್ಲದ ಹೊಣೆಯಿತ್ತು, ಇನ್ನೊಂದು ಪಕ್ಷಕ್ಕೆ ಹೊಣೆಯಿಲ್ಲದ ಬಲವಿತ್ತು. ಎರಡು ಕಡೆಯೂ ಕೇಳಿದವನಿಗೆ ಪ್ರತಿಯೊಬ್ಬರೂ ಪಕ್ಕದ ಬಾಗಿಲನ್ನು ತೋರಿಸಿದರು. ಎರಡು ಕಡೆಯೂ, ಹೊಣೆಯನ್ನೂ ಬಲವನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಸಿದ್ಧನಾದ ಮೂರನೆಯವನು ಬಂದು, ಜನರನ್ನು ಕೇಳದೆಯೇ ಎಲ್ಲವನ್ನೂ ತೀರ್ಮಾನಿಸಿದನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಮ್ಮಲ್ಲಿ ಒಂದು ಗಾದೆಯಿದೆ. ಕೂಸು ಇಲ್ಲಿಯೂ ರೈತನೆ, ಅಲ್ಲಿಯೂ ರೈತನೆ.

ಕೂಟದ ಕಥೆ ಅಲ್ಲಿಗೇ ಮುಗಿಯಲಿಲ್ಲವೆಂಬುದು ನಮ್ಮ ಭಾಗ್ಯ. ರಾಜ್ಯ ಹಿಂದಿರುಗಿದ ೧೮೮೧ರಲ್ಲಿಯೇ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಮೊದಲ ಸಭೆಗೆ ಬಂದವರು ೧೪೪ ಮಂದಿ. ಅದಕ್ಕೆ ಅಧಿಕಾರವಿರಲಿಲ್ಲ, ದೂರು ಹೇಳುವ ಹಕ್ಕಿತ್ತು. ಆದರೂ ಅರ್ಧ ಶತಮಾನದ ಹಿಂದೆ ನೇಣಿಗೇರಿದ್ದ ಹಕ್ಕು ಅದು. ಅಲ್ಲಿಂದ ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ೧೯೪೭ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಆ ಚಳವಳಿಯವರು ತಮ್ಮ ಬೇಡಿಕೆಗೆ ಇಟ್ಟ ಹೆಸರು ಎಷ್ಟು ಅರ್ಥವತ್ತಾದುದು! ಅವರು ಬರಿಯ ಅಧಿಕಾರ ಬೇಕೆನ್ನಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದರು. ಕೆರೆಬಿಳಚಿಯ ಹುಡುಗನ ಪ್ರಶ್ನೆಗೆ ಉತ್ತರ ಆ ಎರಡು ಮಾತುಗಳಲ್ಲಿಯೇ ಅಡಗಿದೆ. ಕೇಳಿದವನಿಗೆ ಉತ್ತರ ಹೇಳಬೇಕಾದ ಸರ್ಕಾರ ಜವಾಬ್ದಾರಿ ಸರ್ಕಾರ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಇದನ್ನೇ ೧೬೪ನೆಯ ಅನುಚ್ಛೇದದಲ್ಲಿ ಕಟ್ಟಳೆಯಾಗಿ ಬರೆದಿಟ್ಟಿತು: ರಾಜ್ಯದ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದು. ಮಂತ್ರಿಗಳು ಎಷ್ಟು ಪಕ್ಷದವರಾದರೂ ಇರಲಿ, ಹೊಣೆ ಮಾತ್ರ ಒಂದೇ.

ಆದರೆ ಕಟ್ಟಳೆ ಬರೆಯುವುದು ಬೇರೆ, ಅದರಂತೆ ನಡೆಯುವುದು ಬೇರೆ. ೨೦೦೪ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಭಾರತೀಯ ಜನತಾ ಪಕ್ಷಕ್ಕೆ ೭೯, ಕಾಂಗ್ರೆಸ್ಸಿಗೆ ೬೫, ಜಾತ್ಯತೀತ ಜನತಾದಳಕ್ಕೆ ೫೮. ಮೊದಲು ಧರ್ಮಸಿಂಗ್ ಅವರ ಸಮ್ಮಿಶ್ರ ಸರ್ಕಾರ ಬಂದು ಇಪ್ಪತ್ತು ತಿಂಗಳಲ್ಲಿ ಉರುಳಿತು. ೨೦೦೬ರ ಫೆಬ್ರವರಿಯಲ್ಲಿ ಬಂದ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರದ ಹಿಂದೆ, ಇಪ್ಪತ್ತು ತಿಂಗಳು ನಿಮಗೆ ಇಪ್ಪತ್ತು ತಿಂಗಳು ನಮಗೆ ಎಂಬ ಮಾತುಕತೆಯಿತ್ತು. ಅವಧಿ ತುಂಬಿದಾಗ ಅಧಿಕಾರ ಕೈಬದಲಾಗಲಿಲ್ಲ. ೨೦೦೭ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಆಡಳಿತ ಬಂದಿತು. ನವೆಂಬರಿನಲ್ಲಿ ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಒಂದೇ ವಾರದಲ್ಲಿ ರಾಜೀನಾಮೆ ಕೊಡಬೇಕಾಯಿತು. ೨೦೧೮ರ ಮೇ ತಿಂಗಳಲ್ಲಿ ಎರಡು ಪಕ್ಷಗಳು ಕೂಡಿ ಕಟ್ಟಿದ ಸರ್ಕಾರವು ೨೦೧೯ರ ಜುಲೈ ೨೩ರಂದು ೯೯ಕ್ಕೆ ೧೦೫ ಮತಗಳಿಂದ ಸೋತಿತು.

ತಪ್ಪು ಯಾವ ಪಕ್ಷದ್ದೆಂದು ಅಳೆಯುವುದು ಈ ಪುಟದ ಕೆಲಸವಲ್ಲ. ಇದು ಸಮ್ಮಿಶ್ರ ಸರ್ಕಾರಗಳ ದೋಷ ಮಾತ್ರವೆಂದು ತಿಳಿಯುವುದೂ ಸರಿಯಲ್ಲ. ಕೆರೆಬಿಳಚಿಯಿರುವ ಈ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ೧೯೯೬ರ ಮೇ ೩೧ರಂದು ಮುಖ್ಯಮಂತ್ರಿಗಳಾದರು. ಅವರ ಕಾಲದಲ್ಲಿಯೇ, ೧೯೯೭ರಲ್ಲಿ, ದಾವಣಗೆರೆ ಜಿಲ್ಲೆಯಾಗಿ ಚನ್ನಗಿರಿ ಹೊನ್ನಾಳಿಗಳು ಅದಕ್ಕೆ ಸೇರಿದವು. ಅವರದು ಒಂದೇ ಪಕ್ಷದ ಸರ್ಕಾರ. ೧೯೯೪ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ೧೧೫ ಸ್ಥಾನಗಳು ಬಂದಿದ್ದವು. ಆದರೂ ಪಕ್ಷದೊಳಗೇ ಎರಡು ಕೇಂದ್ರಗಳಾಗಿ, ೧೯೯೯ರಲ್ಲಿ ಅದು ಒಡೆದು ಚುನಾವಣೆಯಲ್ಲಿ ಸೋತಿತು. ಹೀಗಾಗಿ, ಪಾಲುಗಾರರು ಎರಡು ಪಕ್ಷದವರೋ ಒಂದೇ ಪಕ್ಷದವರೋ ಎಂಬುದು ಮುಖ್ಯವಲ್ಲ. ಪಾಲು ಯಾವ ನಿಯಮದಿಂದ ಆಯಿತು, ಅದು ಜನರಿಗೆ ತಿಳಿದಿದೆಯೆ, ಕೆಲಸ ಕೆಟ್ಟಾಗ ಎದ್ದುನಿಂತು ಉತ್ತರ ಹೇಳುವವರು ಯಾರು ಎಂಬುದು ಮುಖ್ಯ. ನಾಲ್ಕು ಗೋಡೆಗಳ ನಡುವೆ ಆದ ಮಾತನ್ನು ಬೀದಿಯಲ್ಲಿ ನಿಂತವನು ಹೇಗೆ ಜಾರಿ ಮಾಡಿಸಬಲ್ಲನು?

ಇಲ್ಲಿಯೂ ಕನ್ನಡನಾಡು ದೇಶಕ್ಕೆ ಒಂದು ಪಾಠ ಕೊಟ್ಟಿದೆ. ೧೯೮೯ರ ಏಪ್ರಿಲ್ ೨೧ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು, ಸಭೆಯಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ೧೯೯೪ರ ಮಾರ್ಚ್ ೧೧ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತವಿದೆಯೆ ಇಲ್ಲವೆ ಎಂಬುದನ್ನು ಪರೀಕ್ಷಿಸಬೇಕಾದ ಸ್ಥಳ ರಾಜಭವನವಲ್ಲ, ವಿಧಾನಸಭೆಯೇ ಎಂದು ಎತ್ತಿಹಿಡಿಯಿತು. ತೀರ್ಪು ಬರುವ ಹೊತ್ತಿಗೆ ಆ ಸರ್ಕಾರ ಹೋಗಿ ಐದು ವರ್ಷವಾಗುತ್ತ ಬಂದಿತ್ತು. ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿ ಹಿಂದಿರುಗಲಿಲ್ಲ. ಆದರೆ ೨೦೧೯ರಲ್ಲಿ ಸರ್ಕಾರ ಬಿದ್ದದ್ದು ರಾಜಭವನದ ಕಾಗದದಿಂದಲ್ಲ, ಸಭೆಯಲ್ಲಿ ಎಣಿಸಿದ ಮತದಿಂದ. ಬೆಂಟಿಂಕನ ಪತ್ರದ ಮುಂದೆ ಮುಮ್ಮಡಿಯವರಿಗೂ ಇರದಿದ್ದ, ಕೂಟದ ರೈತನಿಗೂ ಇರದಿದ್ದ ರಕ್ಷೆ ಇದು. ಸರ್ಕಾರಗಳು ಬೀಳುವುದು ಅನರ್ಥವಲ್ಲ. ಎಲ್ಲರ ಕಣ್ಣೆದುರಿಗೆ, ಗೊತ್ತಾದ ನಿಯಮದಂತೆ, ಕಾರಣ ಹೇಳಿ ಬೀಳದಿರುವುದು ಅನರ್ಥ.

ಅಸ್ಥಿರತೆಯ ಭಯದಿಂದ ಎಷ್ಟೋ ಮಂದಿ ಸಜ್ಜನರು, ಒಬ್ಬನೇ ಬಲಶಾಲ್ಯಾದವನು ಬಂದರೆ ಸಾಕಪ್ಪಾ ಎನ್ನುವುದನ್ನು ಕೇಳಿದ್ದೇನೆ. ೧೯೧೭ರ ಶರತ್ಕಾಲದಲ್ಲಿ ಪೆಟ್ರೋಗ್ರಾಡಿನ ಬೇಸತ್ತ ನಾಗರಿಕರೂ ಹಾಗೆಯೇ ಅಂದಿರಬೇಕು. ಪಾಲುಗಾರರ ಜಗಳಕ್ಕೆ ಪಾಲನ್ನೇ ರದ್ದುಮಾಡುವುದು ಮದ್ದಲ್ಲ. ನಾನಾ ಜಾತಿ, ನಾನಾ ಮತ, ನಾನಾ ಸೀಮೆಗಳಿರುವ ನಾಡಿನಲ್ಲಿ ಅಧಿಕಾರವನ್ನು ಹಂಚಿಕೊಳ್ಳದೆ ಗತಿಯಿಲ್ಲ, ಹಂಚಿಕೊಳ್ಳುವುದೇ ಧರ್ಮ. ಆದರೆ ಅಧಿಕಾರದ ಪಾಲು ತೆಗೆದುಕೊಂಡವನು ಹೊಣೆಯ ಪಾಲನ್ನೂ ತೆಗೆದುಕೊಳ್ಳಬೇಕು. ಒಂದನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ಪಕ್ಕದವನ ಎಲೆಗೆ ಬಡಿಸುವವನನ್ನು ನಾವು ಪಂಕ್ತಿಯಿಂದ ಎಬ್ಬಿಸಬೇಕು. ಅದಕ್ಕೆ ಮತದಾರನಾಗಿ ಕೇಳುವ ಬಾಯಿಯೂ, ವಿದ್ಯಾರ್ಥಿಯಾಗಿ ನೆನಪಿಡುವ ಅಭ್ಯಾಸವೂ ಬೇಕು.

ಸೂಳೆಕೆರೆಗೆ ಸಿದ್ಧ ಬಸವ ಎಂಬ ಹೆಸರಿನ ಎರಡು ತೂಬುಗಳಿವೆ. ಅಂದು ಸಂಜೆ ಉಪಾಧ್ಯಾಯರು ಏರಿಯಿಂದ ಅವನ್ನು ಕೈಮಾಡಿ ತೋರಿಸುತ್ತ, "ತೂಬು ಎರಡಾದರೂ ನೀರಿನ ಮಟ್ಟ ಒಂದೇ ಅಲ್ಲವೆ?" ಎಂದರು. ನಮ್ಮ ಹಳೆಯ ಕೆರೆಗಳಲ್ಲಿ ನೀರುಗಂಟಿಯೆಂಬವನಿರುತ್ತಿದ್ದನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ತಪ್ಪಿದರೆ ಕೇಳಬೇಕಾದದ್ದು ಯಾರನ್ನೆಂಬುದೂ ತಿಳಿದಿರುತ್ತಿತ್ತು. ತೂಬುಗಳು ಎರಡಿದ್ದುದರಿಂದ ಯಾವ ಕೆರೆಯೂ ಒಡೆದಿಲ್ಲ. ಏರಿ ಬಿರಿದಾಗ ಅದು ನನ್ನ ಕೆಲಸವಲ್ಲವೆಂದು ಎಲ್ಲರೂ ಮನೆಗೆ ಹೋದುದರಿಂದ ಒಡೆದ ಕೆರೆಗಳು ಬಹಳವಿವೆ.

ನಮ್ಮ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಅರಿಕೆ. ಮುಂದಿನ ವರ್ಷ ರಷ್ಯದ ಕ್ರಾಂತಿಯ ಪಾಠ ಬಂದಾಗ, ಅದರ ಪಕ್ಕದಲ್ಲಿಯೇ ಬಸವಾಪಟ್ಟಣದ ಕೂಟದ ಕಥೆಯನ್ನೂ ಹೇಳಿರಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರದ ಕಲ್ಲು ಕಾಲಿಗೆ ತಾಗಿದಾಗಲೇ ಚರಿತ್ರೆ ಅರ್ಥವಾಗುವುದು. ಹಿಂದಿನ ಸಾಲಿನ ಹುಡುಗ ಮತ್ತೆ ಎದ್ದುನಿಂತು, ಸಾಲ ಕೊಟ್ಟವನು ಯಾರನ್ನು ಕೇಳಬೇಕೆಂದರೆ, ಅವನನ್ನು ಕೂರಿಸಬೇಡಿರಿ. ಇಬ್ಬರನ್ನೂ ಕೇಳಬೇಕು, ಇಬ್ಬರೂ ಉತ್ತರ ಕೊಡುವಂತೆ ಮೊದಲೇ ಬರೆಸಿಕೊಂಡಿರಬೇಕು, ಕೊಡದಿದ್ದರೆ ಮನೆಯ ಮಂದಿಯೆಲ್ಲ ಸೇರಿ ಯಜಮಾನಿಕೆಯನ್ನು ಬದಲಾಯಿಸುವ ಹಕ್ಕಿರಬೇಕು ಎಂದು ಹೇಳಿರಿ. ಆ ಹಕ್ಕಿಗೆ ಪ್ರಜಾಪ್ರಭುತ್ವವೆಂದು ಹೆಸರು ಎಂಬುದನ್ನು ಅವನೇ ಕಂಡುಕೊಂಡಾನು.